ಕಪ್ಪು ಕೋಟಿನ ಕೊಕ್ಕರೆ

‘ಬಸ್ಸಿನ ಕಿಟಕ್ಯಾಗ ಕಣ್ಣು ಮಿಟುಕಿಸೋದ್ರಾಗ ಹೋದ ಹಕ್ಕಿ ಹೆಸ್ರು ಹೇಳ್ತೀಯಾ? ನೀನು ಡಿಗ್ರಿ ಮುಗಿಸಿದಂಗೇ ಬಿಡು!’ ಎಂದವರು ನಮ್ಮ ದೊಡ್ಡಪ್ಪ. ಎರಡೂ ಆಗದ ಮಾತು ಎಂಬುದು ಅವರ ತೀರ್ಮಾನ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರೇ ಇರಲಿಲ್ಲ, ಹಾಗಾಗಿ ಅವರದು ತಪ್ಪೆನ್ನಲಾರೆ.

ಇವತ್ತು ದಾವಣಗೆರೆ ಕೋರ್ಟಿನ ಮುಂದೆ ವಕೀಲರೊಬ್ಬರು, ಕಪ್ಪು ಕೋಟು, ಕೊರಳಲ್ಲಿ ಬಿಳಿ ಪಟ್ಟಿ, ನಿಂತ ಮಳೆನೀರನ್ನು ಒಂದೊಂದೇ ಕಾಲೆತ್ತಿ ದಾಟುತ್ತಿದ್ದರು. ನಕ್ಕುಬಿಟ್ಟೆ. ಅವರು ದುರುಗುಟ್ಟಿ ನೋಡಿದರು. ಅವರಿಗೆ ಹೇಳಲಾಗದ ಕಾರಣವನ್ನು ನಿಮಗೆ ಹೇಳುತ್ತೇನೆ.

ಆಗ ನನ್ನದು ಬಿಎಸ್ಸಿ ಕೊನೆಯ ವರ್ಷ. ನಮ್ಮೂರು ಭಾನುವಳ್ಳಿಯಿಂದ ಹರಿಹರ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ದಾವಣಗೆರೆ. ಪ್ರಾಣಿಶಾಸ್ತ್ರದ ಪ್ರಾಜೆಕ್ಟಿಗೆ ನಮ್ಮ ಗದ್ದೆಗಳ ಹಕ್ಕಿಗಳನ್ನೇ ಆರಿಸಿಕೊಂಡಿದ್ದೆ. ಕಾಡು ಸುತ್ತಲು ಪುರುಸೊತ್ತಿಲ್ಲದವಳಿಗೆ ಕಿಟಕಿಯ ಸೀಟೇ ಕಾಡು. ಸುಗ್ಗಿ ಬಂತೆಂದರೆ ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ಅರ್ಧಕ್ಕೆ ಭತ್ತ ಹರವಿರುತ್ತಾರೆ, ಉಳಿದರ್ಧದಲ್ಲಿ ಬಸ್ಸು ಮೆಲ್ಲಗೆ ತೆವಳಬೇಕು. ಹಾಗೆ ತೆವಳುವಾಗಲೇ ಅದು ಕಂಡದ್ದು. ಕೊಯ್ದ ಗದ್ದೆಯಲ್ಲಿ, ಬೆಳ್ಳಕ್ಕಿಗಳ ನಡುವೆ, ಅವುಗಳಿಗಿಂತ ಬಲು ಎತ್ತರ. ಕರಿ ಮೈ, ಹತ್ತಿಯಂಥ ಬಿಳಿ ಕತ್ತು, ಕೆಂಪು ಕಾಲು.

‘ವಕೀಲ್ರು ಗದ್ದೆಗೆ ಇಳಿದಾರೆ, ಒತ್ತುವರಿ ಮಾಡಿದೋರು ಹುಷಾರ್ರಿ!’ ಎಂದ ಕಂಡಕ್ಟರ್. ಬಸ್ಸೆಲ್ಲ ನಕ್ಕಿತು. ಡ್ರೈವರ್ ಹಾರನ್ ಒತ್ತಿದ, ಹಕ್ಕಿ ಎದ್ದು ಹೋಯಿತು. ಅಷ್ಟೇ.

ಲೈಬ್ರರಿಯ ಪುಸ್ತಕದಲ್ಲಿ ಒಂದೊಂದೇ ಚಿತ್ರವನ್ನು ಅಲ್ಲ, ಅಲ್ಲ ಎಂದು ತಳ್ಳುತ್ತ ಬಂದು, ವರದಿಯಲ್ಲಿ ‘ಬಿಳಿಕತ್ತಿನ ಕೊಕ್ಕರೆ’ ಎಂದು ಬರೆದೆ. ನಮ್ಮ ಮೇಡಂ ಫೋಟೊ ಕೇಳಿದರು. ಎಲ್ಲಿಂದ ತರಲಿ?

‘ಆ ಸಾಲು ಹೊಡೆದುಹಾಕಮ್ಮ. ಹೊರಗಿನ ಪರೀಕ್ಷಕರು ಬರ್ತಾರೆ. ಇದೊಂದು ಸುಳ್ಳು ಅನ್ನಿಸಿದ್ರೆ ಎಲ್ಲಾನೂ ಸುಳ್ಳು ಅಂತಾರೆ. ಪ್ರಾಜೆಕ್ಟ್ ಹೋದ್ರೆ ಡಿಗ್ರಿನೂ ನಿಲ್ಲುತ್ತೆ.’

ಮನೆಗೆ ಬಂದು ಇದನ್ನು ಹೇಳಿದಾಗಲೇ ದೊಡ್ಡಪ್ಪ ಆ ಮಾತು ಆಡಿದ್ದು. ‘ಅದು ಬಕ. ನಾ ಹುಟ್ಟಿದಾಗಿಂದ ನೋಡೀನಿ’ ಎಂದೂ ಸೇರಿಸಿದರು.

‘ಬಕ ಹಾರುವಾಗ ಕತ್ತು ಮಡಚ್ತೈತೆ ದೊಡ್ಡಪ್ಪ, ಕೊಕ್ಕರೆ ಚಾಚ್ತೈತೆ. ಇದು ಚಾಚಿತ್ತು.’ ತೋಳನ್ನೇ ಕತ್ತು ಮಾಡಿ, ಮಡಚಿ, ಚಾಚಿ ತೋರಿಸಿದೆ.

ದೊಡ್ಡಪ್ಪ ನಮ್ಮವ್ವನತ್ತ ತಿರುಗಿ, ‘ಕಾಲೇಜ್ನಾಗೆ ಕವಾಯತು ಕಲಿಸ್ಯಾರೆ ನೋಡವ್ವ’ ಎಂದರು.

ಸಾಲನ್ನು ಹೊಡೆದುಹಾಕಲಿಲ್ಲ. ಕಂಡದ್ದನ್ನು ಕಂಡೆ ಎನ್ನಲು ಹೆದರುವುದಾದರೆ ಎರಡೆರಡು ಬಸ್ಸು ಹತ್ತಿ ಓದಿದ್ದಾದರೂ ಏತಕ್ಕೆ?

ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರ ಬೆರಳು ನೇರ ಆ ಸಾಲಿಗೇ ಬಂತು. ‘ಬಕ ಯಾಕಲ್ಲ?’

‘ಕತ್ತು ಚಾಚಿ ಹಾರಿತು ಸರ್.’

‘ಕರಿ ಕೆಂಬರಲು ಹಕ್ಕಿ ಕೂಡ ಚಾಚುತ್ತಲ್ಲ? ಅದರ ಕಾಲೂ ಕೆಂಪೇ.’

ಕಣ್ಣು ಮುಚ್ಚಿದೆ. ಗದ್ದೆ ಬಂತು, ಬಸ್ಸಿನ ನಗು ಬಂತು. ‘ಕೆಂಬರಲಿನ ಕೊಕ್ಕು ಕುಡುಗೋಲಿನ ಹಾಗೆ ಬಾಗಿರುತ್ತೆ ಸರ್. ಇದರದು ನೆಟ್ಟಗಿತ್ತು. ಮತ್ತೆ ಅದರ ಕತ್ತು ಕಪ್ಪು, ಇದರದು ಬಿಳಿ. ಅದಕ್ಕೇ ಕಂಡಕ್ಟರ್ ವಕೀಲ್ರು ಅಂದಿದ್ದು!’

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಪರೀಕ್ಷಕರು ಜೋರಾಗಿ ನಕ್ಕರು. ‘ಹಾಗಾದ್ರೆ ಕಂಡಕ್ಟರ್‌ಗೂ ಅಂಕ ಕೊಡಬೇಕಲ್ಲಮ್ಮ’ ಎನ್ನುತ್ತ ಸಹಿ ಹಾಕಿದರು.

ಇವತ್ತು ಕಾಲೇಜಿಗೆ ಹೋಗಿದ್ದು ಪದವಿ ಪ್ರಮಾಣಪತ್ರ ತರಲು. ಸಂಜೆ ಊರಿಗೆ ಬಂದವಳೇ ಅದನ್ನು ದೊಡ್ಡಪ್ಪನ ಕೈಗಿತ್ತೆ. ಅವರು ಟವೆಲ್ಲಿಗೆ ಕೈ ಒರೆಸಿಕೊಂಡು ತೆಗೆದುಕೊಂಡರು. ನನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದರು.

‘ಬೆಳಗ್ಗೆ ಕಾಲುವೆ ಏರಿ ಮ್ಯಾಲೆ ಒಂದು ಹಾರಿತವ್ವ’ ಎಂದವರು, ಪ್ರಮಾಣಪತ್ರ ಹಿಡಿಯದ ಕೈಯನ್ನು ಉದ್ದಕ್ಕೆ ಚಾಚಿದರು. ‘ಬಕ ಅಲ್ಲ.’