ಮೇಣದ ಕೆಳಗಿನ ರಾಳ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಸಂಶೋಧನೆ ಮಾಡುತ್ತಿದ್ದೆ. ನನ್ನ ಪಾಲಿಗೆ ಬಂದ ವಸ್ತು ಕ್ಯಾಲ್ಸಿಯಂ ಹೈಡ್ರೈಡ್. ನೋಡಲು ಬೂದು ಬಣ್ಣದ ಹರಳು. ನೀರು ತಾಗಿದರೆ ಜಲಜನಕ ಬಿಟ್ಟುಕೊಟ್ಟು ಸುಣ್ಣವಾಗುತ್ತದೆ. ಜಲಜನಕ ಉರಿದರೆ ಹೊಗೆಯಿಲ್ಲ. ಭಾರದ ಉಕ್ಕಿನ ಸಿಲಿಂಡರಿನ ಬದಲು ಸಣ್ಣ ಡಬ್ಬಿಯಲ್ಲಿ ಆ ಇಂಧನವನ್ನು ಕೂಡಿಡಬಹುದೇ ಎಂಬುದು ನನ್ನ ಮಾರ್ಗದರ್ಶಕರ ಪ್ರಶ್ನೆಯಾಗಿತ್ತು. ಗಾಳಿಯ ತೇವಕ್ಕೂ ಅದು ಕೆಡುತ್ತದೆ. ಮುಚ್ಚಳದ ಸಂದಿಗೆ ಮೇಣ ಹಚ್ಚಿದ ಡಬ್ಬಿ ಕರಾವಳಿಯ ಮಳೆಗಾಲವನ್ನು ಎಷ್ಟು ದಿನ ತಡೆದೀತು ಎಂದು ನೋಡಲು, ಹನ್ನೆರಡು ಡಬ್ಬಿ ಕೊಟ್ಟು ನನ್ನನ್ನು ಕುಮಟೆಯ ಹತ್ತಿರದ ಬಾಡಕ್ಕೆ, ನಮ್ಮ ಮನೆಗೇ ಕಳಿಸಿದರು.

"ಒಳ್ಗೆ ಎಂತ ಅದೆ?" ಎಂದಳು ಅಮ್ಮ.

"ಗಾಳಿ ಅಂತ ತಿಳ್ಕೊ."

"ಗಾಳಿ ತುಂಬೂಕೆ ಅಷ್ಟು ದೊಡ್ಡ ಶಾಲೆ ಬೇಕಾತಾ?"

ಮಳೆಗಾಲಕ್ಕೆ ಅಪ್ಪನ ದೋಣಿ ದಡ ಹತ್ತಿ ಮನೆ ಮುಂದೆ ಬಂದಿತ್ತು. ಅಪ್ಪ ಅಂಗಳದಲ್ಲಿ ರಾಳ ಕಾಯಿಸಿ, ನೀರು ಸೋರದ ಹಾಗೆ ದೋಣಿಯ ಸಂದುಗಳಿಗೆ ತುಂಬುತ್ತಿದ್ದ. ಡಬ್ಬಿ ಮುಟ್ಟಬೇಡ, ಕೆಟ್ಟರೆ ಕೆಡಲಿ, ಕೆಡುವುದನ್ನೇ ನಾನು ನೋಡಬೇಕು ಎಂದು ಅವನಿಗೆ ಬಿಡಿಸಿ ಹೇಳಿದ್ದೆ.

"ಆತು ಮಗಳೇ, ಮುಟ್ಟೂಲ" ಎಂದಿದ್ದ.

ಹದಿನೈದು ದಿನಕ್ಕೆ ಎರಡು ಡಬ್ಬಿಯಂತೆ ಮುಚ್ಚಳದ ನಡುವೆ ತೂತು ಕೊರೆದು, ನೀರು ಬಿಟ್ಟು, ಹೊರಟ ಅನಿಲವನ್ನು ಅಳೆಯುತ್ತಿದ್ದೆ. ಮೊದಲ ನಾಲ್ಕರಲ್ಲಿ ಅನಿಲ ಕಡಿಮೆಯಾಗುತ್ತ ಬಂತು. ಐದನೆಯದರಿಂದ ಇಳಿಕೆ ನಿಂತೇಹೋಯಿತು. ಎರಡು ದಿನ ಯೋಚಿಸಿದೆ. ಹರಳಿನ ಮೇಲೆ ಕಟ್ಟಿದ ಸುಣ್ಣದ ಪೊರೆಯೇ ಒಳಗಿನದನ್ನು ತೇವದಿಂದ ಕಾಯುತ್ತಿರಬೇಕು ಎಂದು ಹೊಳೆದಾಗ ತಡೆಯಲಾಗದೆ ಅಂಗಳಕ್ಕೆ ಓಡಿ ಅಪ್ಪನಿಗೇ ಮೊದಲು ಹೇಳಿದೆ. ಅವನು ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳಿದ.

"ಹೌದಾ? ಭಾರೀ ಆತಲ್ಲ" ಎಂದು ತಲೆಯಾಡಿಸಿದ.

ಮಾರ್ಗದರ್ಶಕರಿಗೂ ಬರೆದೆ. ಮುಂದಿನ ವಿಚಾರಸಂಕಿರಣದಲ್ಲಿ ನನ್ನ ಹೆಸರಿನಲ್ಲೇ ಪ್ರಬಂಧ ಓದಿಸುವುದಾಗಿ ಅವರ ಉತ್ತರ ಬಂತು.

ಹೊರಡಲು ಒಂದು ವಾರವಿತ್ತು. ಅಬ್ಬಲಿಗೆ ಸಸಿ ನೆಡಲು ಅಮ್ಮ ಒಂದು ಖಾಲಿ ಡಬ್ಬಿಯ ಮುಚ್ಚಳ ತೆಗೆಯಲು ಕೂತಿದ್ದಳು. ಕತ್ತಿಯಿಂದ ಮೇಣ ಕೆರೆದಳು. ಕೆಳಗೆ ಕಪ್ಪಗೆ, ಗಟ್ಟಿಯಾಗಿ ರಾಳ ಕಂಡಿತು. ಉಳಿದವನ್ನು ನಾನೇ ಕೆರೆದೆ. ಮೊದಲ ನಾಲ್ಕನ್ನು ಬಿಟ್ಟು ಮಿಕ್ಕ ಎಂಟರಲ್ಲಿಯೂ ಇತ್ತು.

ಅಪ್ಪ ಸುಳ್ಳು ಹೇಳಲಿಲ್ಲ.

"ಮೇಣ ಸೀಳು ಬಿಟ್ಟಿತ್ತು. ಸೋರೂ ಡಬ್ಬಿನ ಕಣ್ಣೆದ್ರಿಗೆ ಇಟ್ಕಂಡು ಸುಮ್ನೆ ಕೂತ್ಕಳೂಕೆ ಆತದ್ಯಾ?"

"ಮತ್ತೆ ಮೇಲಿಂದ ಮೇಣ ಯಾಕೆ ಹಚ್ದೆ?"

"ನೀ ಬಯ್ತೆ ಅಂತ."

ರಾಳ ತುಂಬಿದ್ದನ್ನು ನಾನು ಕ್ಷಮಿಸಬಲ್ಲವಳಾಗಿದ್ದೆ. ಸೋರುವುದನ್ನು ಕಂಡರೆ ಅವನ ಕೈ ಸುಮ್ಮನಿರದು. ಆದರೆ ಅಂಗಳದಲ್ಲಿ ನಿಂತು ನಾನು ಸುಣ್ಣದ ಪೊರೆಯ ಕಥೆ ಹೇಳುತ್ತಿದ್ದಾಗ ನಿಜ ಗೊತ್ತಿದ್ದವನು ಅವನೊಬ್ಬನೇ. ಆದರೂ ತಲೆಯಾಡಿಸಿದ್ದ.

ವಿಶ್ವವಿದ್ಯಾಲಯಕ್ಕೆ ಹೋಗಿ ಪ್ರಬಂಧ ಹಿಂದಕ್ಕೆ ಪಡೆದೆ. ಮಾರ್ಗದರ್ಶಕರು ಬಯ್ಯಲಿಲ್ಲ. ಇನ್ನೊಂದು ಮಳೆಗಾಲ ಕಾಯಬೇಕು ಎಂದರು, ಅಷ್ಟೇ. ಬಾಗಿಲ ತನಕ ಬಂದು, "ಈ ಸಲ ಬೇರೆ ಎಲ್ಲಾದರೂ ಇಡಿ" ಎಂದರು.

ಮರುವರ್ಷ ಹೊಸ ಡಬ್ಬಿಗಳನ್ನು ಹೊನ್ನಾವರದ ಚಿಕ್ಕಮ್ಮನ ಮನೆಗೆ ಒಯ್ದೆ. ಪೆಟ್ಟಿಗೆ ಹೊತ್ತು ಅಪ್ಪ ಬಸ್ಸಿನವರೆಗೆ ಬಂದ.

"ನಾ ಮುಟ್ಟೂಲ ಅಂದ್ರೂ ಒಯ್ತೆಯಾ?"

"ಒಯ್ತೆ."

ಪೆಟ್ಟಿಗೆಯನ್ನು ಸೀಟಿನ ಕೆಳಗೆ ತಳ್ಳಿದ. ಒಳಗೆ ಏನಿದೆ ಎಂದು ಕಂಡಕ್ಟರ್ ಕೇಳಿದಾಗ, "ನಂಗೊತ್ತಿಲ್ಲ, ಅವಳನ್ನೇ ಕೇಳಿ" ಎಂದು ಇಳಿದುಹೋದ.

ಹೊನ್ನಾವರದಲ್ಲಿ ಆ ಮಳೆಗಾಲ ಡಬ್ಬಿಗಳು ಒಂದಾದ ಮೇಲೊಂದು ಕೆಟ್ಟವು; ಸುಣ್ಣದ ಪೊರೆ ಯಾವುದನ್ನೂ ಕಾಯಲಿಲ್ಲ. ಎಲ್ಲವನ್ನೂ ಇದ್ದ ಹಾಗೆ ಬರೆದುಕೊಂಡೆ. ಮನೆಗೆ ಬರೆದ ಕಾಗದಗಳಲ್ಲಿ ಮಾತ್ರ ಅದರ ಸುದ್ದಿ ಎತ್ತಲಿಲ್ಲ.