ಕತ್ತರಿಯ ಪಾಲು

ನಮ್ಮ ಕಚೇರಿಯಲ್ಲಿ ಬಜೆಟ್ ಶುರುವಾಗುತ್ತಿದ್ದುದೇ ಒಂದು ಸುಳ್ಳಿನಿಂದ, ಮತ್ತು ಆ ಸುಳ್ಳು ಎಲ್ಲರಿಗೂ ಗೊತ್ತಿತ್ತು. ಪುಣೆಯ ಕ್ಯಾಂಪ್ ಬಡಾವಣೆಯ ಹತ್ತಿರ, ಸರ್ಕಾರಿ ಆಸ್ಪತ್ರೆಗಳಿಗೆ ಬೇಕಾದ ಸಾಮಾನಿನ ಅಂದಾಜು ತಯಾರಿಸಿ ಮುಂಬೈಯ ಸಚಿವಾಲಯಕ್ಕೆ ಕಳಿಸುವ ಕಚೇರಿ ಅದು. ನಾನು ಅಲ್ಲಿ ಲೆಕ್ಕದ ವಿಭಾಗದವಳು. ಆಸ್ಪತ್ರೆಯವರು ಬೇಕಾದ್ದಕ್ಕಿಂತ ಒಂದಿಷ್ಟು ಹೆಚ್ಚು ಬರೆದು ಕಳಿಸುವರು. ನಾವು ಅದರ ಮೇಲೆ ಇನ್ನೊಂದಿಷ್ಟು ಏರಿಸುವೆವು. ಮುಂಬೈಯವರು ನೋಡದೆಯೇ ಕತ್ತರಿ ಹಾಕುವರು. ಕೊನೆಗೆ ಕೈಗೆ ಬರುವುದು ಹೆಚ್ಚುಕಡಿಮೆ ಬೇಕಾದಷ್ಟೇ. ಏರಿಸಿದ್ದಕ್ಕೆ ನಾವು ಕತ್ತರಿಯ ಪಾಲು ಅನ್ನುತ್ತಿದ್ದೆವು. ಬೀದಿ ನಾಯಿಗೆ ರೊಟ್ಟಿ ತೆಗೆದಿಟ್ಟ ಹಾಗೆ ಅದನ್ನು ಮೊದಲೇ ತೆಗೆದಿಡುತ್ತಿದ್ದೆವು. ಇದರಲ್ಲಿ ನನಗೆ ನಾಚಿಕೆಯೇನೂ ಇರಲಿಲ್ಲ.

ನನ್ನ ಗಂಡ ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಕೆಲಸ ಬಿಟ್ಟು, ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗತೊಡಗಿದರು. ಅದೂ ನಮ್ಮ ಕಚೇರಿಯೇ ಸಾಮಾನು ಒದಗಿಸುವ ಸರ್ಕಾರಿ ಆಸ್ಪತ್ರೆಗೆ. ರಕ್ತ ಸೋಸುವ ಫಿಲ್ಟರು, ನಳಿಕೆ, ಸೂಜಿ ಎಲ್ಲವೂ ಅಲ್ಲಿ ಪುಕ್ಕಟೆ. ಆದರೆ ನಮ್ಮ ಲೆಕ್ಕದಲ್ಲಿ ಫಿಲ್ಟರಿಗೆ ತನ್ನದೇ ಆದ ಸಾಲು ಇಲ್ಲ. ಫಿನೈಲು, ಕಸಬರಿಗೆ, ಚಾದರಗಳ ಜೊತೆ ‘ಸಾಮಗ್ರಿ’ ಎಂಬ ಒಂದೇ ಶೀರ್ಷಿಕೆಯ ಕೆಳಗೆ ಅದೂ ಬಿದ್ದಿರುತ್ತದೆ. ಕಸಬರಿಗೆ ಕಡಿಮೆಯಾದರೆ ಆಸ್ಪತ್ರೆ ಗಲೀಜಾದೀತು. ಫಿಲ್ಟರು ಕಡಿಮೆಯಾದರೆ ಏನಾದೀತೆಂದು ಯೋಚಿಸಲೂ ನನಗೆ ಧೈರ್ಯ ಸಾಲುತ್ತಿರಲಿಲ್ಲ.

ಹೋದ ಬಜೆಟ್ಟಿನ ಹೊತ್ತಿಗೆ ಮುಂಬೈಯಿಂದ ಸುತ್ತೋಲೆ ಬಂತು. ಮುಂದಿನ ವರ್ಷ ತೆರಿಗೆ ವಸೂಲಿ ಕುಸಿಯಬಹುದು, ಕಷ್ಟಕಾಲಕ್ಕೆ ಈಗಲೇ ಸಿದ್ಧರಾಗಿ, ನಿಜವಾಗಿ ಬೇಕಾದಷ್ಟನ್ನೇ ಕೇಳಿ ಎಂದು. ಇಂಥದ್ದು ಪ್ರತಿ ವರ್ಷವೂ ಬರುತ್ತದೆ. ನಾವು ಅದನ್ನು ಫೈಲಿಗೆ ಸೇರಿಸಿ ಚಹಾ ಕುಡಿಯಲು ಹೋಗುತ್ತೇವೆ. ಈ ಸಲ ನಮ್ಮ ಗ್ರಹಚಾರಕ್ಕೆ, ಹೊಸದಾಗಿ ಬಂದಿದ್ದ ಮ್ಯಾಡಮ್ ಅದನ್ನು ನಂಬಿಬಿಟ್ಟರು. ಒಂದು ಪೈಸೆ ಮುಟ್ಟದ ಅಧಿಕಾರಿ. ಆಸ್ಪತ್ರೆಯವರದ್ದೂ ನಮ್ಮದೂ ಸೇರಿ ಕತ್ತರಿಯ ಪಾಲನ್ನೆಲ್ಲ ತೆಗೆಯಲು ನನಗೆ ಹೇಳಿದರು.

ನಮ್ಮ ಮಾತು ನಡೆದದ್ದು ಮರಾಠಿಯಲ್ಲಿ. “ಬೇರೆ ಇಲಾಖೆಯವರು ಏರಿಸಿಯೇ ಕಳಿಸುತ್ತಾರೆ ಮ್ಯಾಡಮ್. ನಾಳೆ ಕಡಿತ ಬಂದರೆ ಅವರದು ಕೊಬ್ಬು ಹೋಗುತ್ತದೆ, ನಮ್ಮದು ಮಾಂಸ,” ಎಂದೆ.

“ಎಲ್ಲರೂ ಹೀಗೇ ಅಂದರೆ ಸರ್ಕಾರಕ್ಕೆ ತನ್ನ ನಿಜವಾದ ಖರ್ಚು ತಿಳಿಯುವುದು ಯಾವಾಗ? ಅದೇ ತಿಳಿಯದೆ ಕಷ್ಟಕಾಲಕ್ಕೆ ಎತ್ತಿಡುವುದು ಏನನ್ನು?” ಎಂದರು.

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ತಪ್ಪಿದ್ದರೆ ಜಗಳವಾಡಬಹುದಿತ್ತು. ನನಗೆ ಎಷ್ಟು ಹೆದರಿಕೆಯಾಯಿತೆಂದರೆ, ಕಚೇರಿಯಲ್ಲಿ ಎಂದೂ ಎತ್ತದ ಮನೆಯ ವಿಷಯ ಎತ್ತಿ, ಗಂಡನ ಡಯಾಲಿಸಿಸ್ ನಡೆದಿರುವುದು ಅಲ್ಲೇ ಎಂದು ಹೇಳಿಬಿಟ್ಟೆ. ಅವರ ಮುಖ ಸಣ್ಣಗಾಯಿತು. “ಹಾಗಿದ್ದರೆ ಏರಿಸುವ ಕೈ ಖಂಡಿತ ನಿಮ್ಮದಾಗಬಾರದು,” ಎಂದು ಮೆಲ್ಲಗೆ ಹೇಳಿದರು.

ಪಾಲನ್ನೆಲ್ಲ ತೆಗೆದುಹಾಕಿದೆ. ಫಿಲ್ಟರಿಗೆ ಬೇರೆ ಶೀರ್ಷಿಕೆಯನ್ನಾದರೂ ಕೇಳೋಣವೆಂದೆ. ಮ್ಯಾಡಮ್ ಕೇಳಿದರು ಕೂಡ. ಮುಂಬೈಯವರು ಫೋನಿನಲ್ಲಿ “ಬಘೂಯಾ” ಎಂದರಂತೆ, ನೋಡೋಣ ಎಂದು. ಎಷ್ಟೋ ಜನ ಆ ಮಾತನ್ನು ಕೇಳುತ್ತಲೇ ರಿಟೈರ್ ಆಗಿ ಹೋಗಿದ್ದಾರೆ.

ಆಮೇಲಿನ ತಿಂಗಳುಗಳಲ್ಲಿ ನಾನು ಮನುಷ್ಯಳಾಗಿರಲಿಲ್ಲ. ಬೇರೆಯವರು ರಾಶಿಭವಿಷ್ಯ ನೋಡುವ ಹಾಗೆ ನಾನು ಪತ್ರಿಕೆಯಲ್ಲಿ ತೆರಿಗೆ ವಸೂಲಿಯ ಸುದ್ದಿ ನೋಡುತ್ತಿದ್ದೆ. ಗಂಡನ ಹಳೆಯ ಗೆಳೆಯರು ಸಂಜೆ ಮನೆಗೆ ಬರತೊಡಗಿದರು. ಓವರ್‌ಟೈಮ್ ಇಲ್ಲ, ಮೂರನೇ ಪಾಳಿ ನಿಂತಿದೆ ಎಂದು ಅವರು ಗೊಣಗಿದರೆ ಇವರು ಸಮಾಧಾನ ಹೇಳುವರು. ಕಾರ್ಖಾನೆ ನಡೆಯದಿದ್ದರೆ ತೆರಿಗೆ ಇಲ್ಲ, ತೆರಿಗೆ ಇಲ್ಲದಿದ್ದರೆ ಫಿಲ್ಟರು ಇಲ್ಲ. ಚಹಾ ಕೊಡುವಾಗ ಒಂದೊಂದು ಸಲ ತಟ್ಟೆಗೇ ಸುರಿದುಬಿಡುತ್ತಿದ್ದೆ. ಬಿಪಿ ಇರಬೇಕು, ತೋರಿಸಿಕೋ ಎಂದು ಇವರೇ ನನಗೆ ಹೇಳಿದರು.

ದೀಪಾವಳಿ ಮುಗಿದ ಮೇಲೆ ಆದೇಶ ಬಂತು. ಎಲ್ಲ ಇಲಾಖೆಗಳ ಸಾಮಗ್ರಿಗೂ ಒಂದೇ ಅಳತೆಯ ಕಡಿತ. ಉಳಿದವರ ಏರಿಸಿಟ್ಟ ಪಾಲು ಹೋಯಿತು, ಅವರು ಆರಾಮಾಗಿ ಕೂತರು. ಮ್ಯಾಡಮ್ ಅವತ್ತೇ ಮುಂಬೈಗೆ ಓಡಿದರು. ಮರುದಿನ ಬಂದವರು ಹೆಗಲ ಚೀಲವನ್ನೂ ಇಳಿಸದೆ ಕುರ್ಚಿಯಲ್ಲಿ ಕೂತರು. “ಹಿಂದಿನ ವರ್ಷಕ್ಕಿಂತ ಕಡಿಮೆ ಕೇಳಿದ್ದೀರಲ್ಲ, ಅಂದರೆ ನಿಮಗೆ ಕಡಿಮೆಯಲ್ಲಿ ನಡೆಸುವುದು ಗೊತ್ತು ಅಂದರು,” ಎಂದರು. ಬಾಯಿಗೆ ಬಂದದ್ದು ಬೈಯಬೇಕೆಂದು ಕಾದಿದ್ದೆ. ಅವರ ಕಣ್ಣು ಕೆಂಪಾಗಿದ್ದವು. ಇದ್ದುದರಲ್ಲೇ ನಿಭಾಯಿಸಿಕೊಳ್ಳಿ ಎಂದು ಆಸ್ಪತ್ರೆಗಳಿಗೆ ಹೋಗುವ ಪತ್ರವನ್ನು ಟೈಪ್ ಮಾಡಿದವಳು ನಾನೇ.

ಮುಂದಿನ ವಾರ ಒಂದು ಸಂಜೆ ನಾನು ಮನೆಗೆ ಬಂದಾಗ ಇವರು ಆಗಲೇ ಆಸ್ಪತ್ರೆಯಿಂದ ಬಂದು ಅಡುಗೆಮನೆಯಲ್ಲಿ ನಿಂತಿದ್ದರು. ಮುಖದ ತುಂಬ ನಗು.

“ಇನ್ನ ಮ್ಯಾಲೆ ವಾರಕ್ಕ ಎರಡ ಸಲ ಬಂದ್ರ ಸಾಕಂದ್ರು. ಮೈ ಸುಧಾರಿಸೇದ ನೋಡ,” ಎಂದರು.

“ಸುಧಾರಿಸೇದ ಅಂತ ಯಾರ ಹೇಳಿದ್ರು ನಿಮಗ?”

“ಯಾರರ ಹೇಳಬೇಕೇನು? ಸುಧಾರಿಸದ ಸುಮ್ನ ಕಡಿಮಿ ಮಾಡ್ತಾರೇನು?”

ಅನ್ನುತ್ತಲೇ ದೊಡ್ಡ ಲೋಟದ ತುಂಬ ನೀರು ತುಂಬಿಕೊಂಡರು. ಕಿಡ್ನಿ ಹೋದವರಿಗೆ ನೀರು ಅಳತೆಯದು. ಒಳಗೆ ಹೋದದ್ದು ಯಂತ್ರ ತೆಗೆಯುವವರೆಗೂ ಮೈಯಲ್ಲೇ ನಿಲ್ಲುತ್ತದೆ, ಉಸಿರು ಕಟ್ಟುತ್ತದೆ. ಯಂತ್ರದ ಸರದಿ ಕಡಿಮೆಯಾದರೆ ನೀರೂ ಕಡಿಮೆಯಾಗಬೇಕು. “ಭಾಳ ದಿನಾ ಆತು ಹೊಟ್ಟಿ ತುಂಬ ನೀರ ಕುಡದು,” ಎಂದು ಲೋಟ ಎತ್ತಿದರು.

ನಾನು ಅವರ ಕೈ ಹಿಡಿದೆ. ಲೋಟ ಇಸಿದುಕೊಂಡು ಕಟ್ಟೆಯ ಮೇಲಿಟ್ಟೆ. ಆದೇಶ, ಕಡಿತ, ನಾನು ಟೈಪ್ ಮಾಡಿದ ಪತ್ರ, ಎಲ್ಲ ಹೇಳಿದೆ. ಬೈದಾರು ಎಂದು ನಿಂತಿದ್ದೆ.

“ಹಂಗಾದ್ರ ನಾ ಸುಧಾರಿಸಿಲ್ಲೇನು?” ಎಂದು ಕೇಳಿದರು.