ಸತ್ತ ಎಮ್ಮೆಗಳ ಲೆಕ್ಕದ ಅಕ್ಕಿ

ಇವತ್ತು ಮಧ್ಯಾಹ್ನ ಟ್ರ್ಯಾಕ್ಟರಿನ ಟ್ರೇಲರ್ ತೊಳೆಯುತ್ತಿದ್ದೆ. ಮೂಲೆಯ ಸಂದಿಯಲ್ಲಿ ಒಂದು ಹಿಡಿ ಅಕ್ಕಿ ಸಿಕ್ಕಿತು. ಮೂಸಿದೆ. ಗೋಣಿಚೀಲದ ವಾಸನೆ. ಸರ್ಕಾರಿ ಕಾಗದದಲ್ಲಿ ಅದು ಅಕ್ಕಿ ಅಲ್ಲ, ಸತ್ತ ಎಮ್ಮೆ. ನಗಬೇಡಿ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು, ಚಂದ ಮಾಡಿ ಹೇಳಲು ಬರುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ.

ನಮ್ಮೂರು ಡಂಬಳದಿಂದ ಆಚೆಗೆ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು ನೀಲವ್ವ. ನಾನು ಓದುವಾಗಲೂ ಅವಳೇ ಬಡಿಸುತ್ತಿದ್ದಳು. ಲೆಕ್ಕ ನನ್ನ ತಲೆಗೆ ಹತ್ತಲಿಲ್ಲ, ಅವಳ ಸಾರು ನಾಲಿಗೆಗೆ ಹತ್ತಿತು. ಶಾಲೆಯಿಂದ ನನಗಾದ ಲಾಭ ಅಷ್ಟೇ.

ಆ ಊಟದ ಖರ್ಚು ಮೊದಲು ಮೇಲಿನವರದಾಗಿತ್ತು. ಆಮೇಲೆ ದೊಡ್ಡ ಸರ್ಕಾರ ಸಣ್ಣ ಸರ್ಕಾರಕ್ಕೆ 'ಇಷ್ಟು ನೀವು ನೋಡಿಕೊಳ್ಳಿ' ಎಂದಿತಂತೆ. ಸಣ್ಣದು ಜಿಲ್ಲೆಗೆ ಹೇಳಿತು, ಜಿಲ್ಲೆ ತಾಲೂಕಿಗೆ, ತಾಲೂಕು ಪಂಚಾಯಿತಿಗೆ. ಪಂಚಾಯಿತಿ ಕೆಳಗೆ ನೋಡಿತು. ಕೆಳಗೆ ನಾನಿದ್ದೆ. ನನ್ನ ಕೆಳಗೆ ಯಾರೂ ಇರಲಿಲ್ಲ, ಟ್ರ್ಯಾಕ್ಟರ್ ಇತ್ತು.

ಹೊಸ ಆದೇಶ ಹೀಗಿತ್ತು: ಅಕ್ಕಿಯ ಲಾರಿ ಊರಿನ ಗಡಿಯವರೆಗೆ ಮಾತ್ರ ಬರುತ್ತದೆ, ಅಲ್ಲಿಂದ ಶಾಲೆಗೆ ಸಾಗಿಸುವ ಖರ್ಚು ಪಂಚಾಯಿತಿಯದು. ಲಾರಿಯವನು ಗಡಿಯ ಬಾಂದಗಲ್ಲಿನ ಹತ್ತಿರ ಎಂಟು ಚೀಲ ಇಳಿಸಿ, ಸಹಿ ಹಾಕಿಸಿಕೊಂಡು ಹೋಗೇಬಿಟ್ಟ. ಕಲ್ಲಿನಿಂದ ಶಾಲೆಗೆ ಎರಡು ಮೈಲಿ. ಅಕ್ಕಿ ಸಾಗಿಸಲು ಎಂದು ಪಂಚಾಯಿತಿಯ ಪುಸ್ತಕದಲ್ಲಿ ಒಂದು ಪೈಸೆಯೂ ಇರಲಿಲ್ಲ.

"ನಾ ಹಂಗ ತಂದು ಹಾಕ್ತೀನಿ ಬಿಡ್ರಿ, ಬಾಡಿಗಿ ಬ್ಯಾಡ," ಎಂದೆ.

ಪಂಚಾಯಿತಿಯ ಸೆಕ್ರೆಟರಿ ಗಾಬರಿಯಾದರು. ಕೆಟ್ಟ ಮನುಷ್ಯ ಅಲ್ಲ, ಅಂಜುಬುರುಕ. "ಹಂಗ ತಂದ್ರ ಮುಗೀತಲೇ! ಈ ಊರಾಗ ರೊಕ್ಕಿಲ್ದ ನಡೀತೈತಿ ಅಂತ ಬರಕೋತಾರ. ನಾಳೆ ಬ್ಯಾಳಿನೂ ನಿಮ್ಮದ, ಗ್ಯಾಸೂ ನಿಮ್ಮದ ಅಂತಾರ. ನೀ ಎಷ್ಟು ದಿನಾ ತರ್ತಿ?"

ಖರೆ ಹೇಳಬೇಕೆಂದರೆ ಡೀಸೆಲ್ ನನಗೂ ಪುಕ್ಕಟೆ ಸಿಗುತ್ತಿರಲಿಲ್ಲ. ಟ್ರ್ಯಾಕ್ಟರ್ ಮನೆಯ ಕಡೆ ತಿರುಗಿಸಿದೆ.

ಮೂರು ದಿನ ಅಕ್ಕಿ ಕಲ್ಲಿನ ಹತ್ತಿರ ಬಿದ್ದಿತ್ತು. ಆಡು ಬಾಯಿ ಹಾಕದಂತೆ ಪಾಳಿಯ ಮೇಲೆ ಕಾವಲು. ಮೂರನೆಯ ದಿನ ನೀಲವ್ವ ಖಾಲಿ ಸೌಟು ಹಿಡಿದುಕೊಂಡು ಪಂಚಾಯಿತಿಗೆ ಬಂದಳು.

"ಅರವತ್ತು ಹುಡುಗ್ರು ತಾಟು ಹಿಡ್ಕೊಂಡು ಕುಂತಾವ. ನೀವೂ ಇಲ್ಲಿ ಸುಮ್ನ ಕುಂತೀರಿ. ನಿಮಗೂ ಒಂದು ತಾಟು ಕೊಡ್ಲೇನ್ರಿ?"

ಸೆಕ್ರೆಟರಿ ಪುಸ್ತಕ ತಿರುವಿ ಹಾಕುತ್ತಲೇ ಇದ್ದರು.

"ಗಾಡಿ ಬಾಡಿಗಿ ಅಂತ ಯಾವುದಕ್ಕರ ಐತೇನ್ರಿ ಅದರಾಗ?" ನೀಲವ್ವ ಕೇಳಿದಳು.

"ಒಂದು ಐತಿ. ಸತ್ತ ದನಾ ಊರ ಹೊರಗ ಸಾಗಸಾಕ."

"ಹೊರಗ ಹೋಗೋ ಗಾಡಿ ಒಳಗ ಬರೂದಿಲ್ಲೇನು?"

ಅವತ್ತು ಪುಸ್ತಕದಲ್ಲಿ ಎಂಟು ಚೀಲ ಅಕ್ಕಿ ಎಂಟು ಎಮ್ಮೆಯಾಗಿ ಸತ್ತಿತು. ಹುಡುಗರು ಉಂಡರು.

ನಾಲ್ಕು ತಿಂಗಳಲ್ಲಿ ಮೂವತ್ತೆರಡು ಎಮ್ಮೆ ಸತ್ತವು. ನಮ್ಮೂರಲ್ಲಿ ಇದ್ದದ್ದೇ ಒಂಬತ್ತು. ಅದರಲ್ಲೊಂದು ನೀಲವ್ವನದು. ಇದು ಸೆಕ್ರೆಟರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನನಗೆ ಹೊಳೆಯದಿದ್ದರೆ ತಪ್ಪಿಲ್ಲ, ಹೇಳಿದೆನಲ್ಲ, ಲೆಕ್ಕ ಬರುವುದಿಲ್ಲ. ಒಂದು ದಿನ ಜೀಪಿನಲ್ಲಿ ದನದ ಡಾಕ್ಟರು ಬಂದರು. ಹೊಸದಾಗಿ ನೌಕರಿಗೆ ಸೇರಿದ ಹುಡುಗ. ಊರಿಗೆ ದೊಡ್ಡ ರೋಗ ಬಡಿದಿದೆ ಎಂದು ತೊಡೆ ಗಾತ್ರದ ಸಿರಿಂಜು ತಂದಿದ್ದರು. ಒಂಬತ್ತೂ ಎಮ್ಮೆ ಮೆಲುಕು ಹಾಕುತ್ತ ಅವರನ್ನೇ ನೋಡಿದವು.

"ಸತ್ತಾವು ಎಲ್ಲಿ ಹೂಳೀರಿ?"

ಸೆಕ್ರೆಟರಿ ಪುಸ್ತಕವನ್ನು ಬೆನ್ನ ಹಿಂದೆ ಹಿಡಿದರು. ಡಾಕ್ಟರು ನಿಜ ಬರೆದರೆ ಸೆಕ್ರೆಟರಿಯ ನೌಕರಿ ಹೋಗುತ್ತದೆ, ಅಕ್ಕಿ ಮತ್ತೆ ಕಲ್ಲಿನ ಹತ್ತಿರ ಕೂರುತ್ತದೆ.

"ಮೊದ್ಲ ಊಟಾ ಮಾಡ್ರಿ ಸಾಹೇಬ್ರ, ಆಮ್ಯಾಲೆ ತೋರಸ್ತೀನಿ," ಎಂದಳು ನೀಲವ್ವ. ಹುಡುಗರ ಸಾಲಿನಲ್ಲೇ ಕೂರಿಸಿದಳು. ಡಾಕ್ಟರು ಎರಡು ಸಲ ಅನ್ನ ಹಾಕಿಸಿಕೊಂಡರು. ಆಮೇಲೆ ಅವಳು ಸೌಟಿನಿಂದ ಹುಡುಗರ ಹೊಟ್ಟೆ ತೋರಿಸಿದಳು. "ಇಲ್ಲೇ ಹೂಳೀವಿ ನೋಡ್ರಿ. ಈಗ ನೀವೂ ಎರಡು ಸಲ ಹೂಳಿದ್ರಿ."

ಡಾಕ್ಟರ ತುತ್ತು ಬಾಯಿಯ ಹತ್ತಿರವೇ ನಿಂತಿತು. ವಾಂತಿ ಮಾಡಿಯಾರೆಂದು ನಾನು ಗಡಬಡಿಸಿ ಎಲ್ಲ ಹೇಳಿಬಿಟ್ಟೆ. ಅವರು ಬಹಳ ಹೊತ್ತು ತಾಟು ನೋಡಿದರು. ತುತ್ತು ಬಾಯಿಗೆ ಹಾಕಿಕೊಂಡರು. ಕೈ ತೊಳೆದು ಬರೆದರು, ಓದಿಯೂ ಹೇಳಿದರು: 'ಇದು ಅಂಟುರೋಗವಲ್ಲ. ತಿಂಗಳಿಗೆ ಎಂಟು ಎಮ್ಮೆ ಸಾಯುವುದು ಈ ಊರಿನ ಹವಾಮಾನಕ್ಕೆ ಸಹಜ. ಬೇಸಿಗೆ ರಜೆಯಲ್ಲಿ ಸಾಯುವುದಿಲ್ಲ.'

ಅವತ್ತಿನಿಂದ ತಿಂಗಳಿಗೊಮ್ಮೆ ಸೆಕ್ರೆಟರಿಯ ಫೋನು ಬರುತ್ತದೆ: "ಎಂಟು ಎಮ್ಮಿ ಸತ್ತಾವ, ಜಲ್ದಿ ಬಾ." ಕಲ್ಲಿನ ಹತ್ತಿರ ಹೋಗಿ ಚೀಲ ಹೇರಿಕೊಂಡು ಬರುತ್ತೇನೆ.

ಇವತ್ತು ಬೆಳಿಗ್ಗೆ ಫೋನು ಮಾಡಿದವಳು ನೀಲವ್ವ.

"ತಮ್ಮಾ, ಎಮ್ಮಿ ಸತ್ತೈತಿ."

"ಒಂದೇನು ಯಕ್ಕಾ? ಉಳಿದ ಏಳು ಚೀಲ ಎಲ್ಲಿ?"

"ಚೀಲ ಅಲ್ಲೋ. ನನ್ನ ಎಮ್ಮಿ."

ಪಂಚಾಯಿತಿಗೆ ಹೋದೆ. ಸೆಕ್ರೆಟರಿ ಪುಸ್ತಕ ತೆಗೆದರು, ಮುಚ್ಚಿದರು. ಸತ್ತ ದನದ ರೊಕ್ಕ ಈ ವರ್ಷದ್ದು ಮುಗಿದಿತ್ತು. ಅದನ್ನು ಹುಡುಗರು ಉಂಡಿದ್ದರು.

"ಯಾವುದ್ರಾಗ ಬರೀಲೋ ಇದನ್ನ?"

"ಬರೀಬ್ಯಾಡ್ರಿ," ಎಂದೆ.

ನನ್ನ ಟ್ರೇಲರ್ ಇಷ್ಟು ದಿನ ಕಾಗದದಲ್ಲಿ ಬರೆದದ್ದನ್ನೇ ನಿಜವಾಗಿ ಹೊತ್ತದ್ದು ಇವತ್ತೇ ಮೊದಲು. ನೀಲವ್ವ ಬಾಂದಗಲ್ಲಿನವರೆಗೆ ಜೊತೆಗೆ ಬಂದಳು. ಎಮ್ಮೆಯ ಮುಖದ ಮೇಲೆ ಒಂದು ಖಾಲಿ ಚೀಲ ಹೊದಿಸಿ ಬಿಸಿಲು ನೋಡಿದಳು. "ಹುಡುಗ್ರು ಕುಂತಿರ್ತಾವ," ಎಂದು ಹೊರಳಿ ಶಾಲೆಯ ಕಡೆ ನಡೆದಳು.

ಟ್ರೇಲರ್ ಎರಡು ಸಲ ತೊಳೆದೆ. ಆ ಒಂದು ಹಿಡಿ ಅಕ್ಕಿ ಕೋಳಿಗೆ ಹಾಕಿದೆ. ನಾಳೆ ಲಾರಿ ಬರುತ್ತದೆ. ಸಾಯಲು ಪುಸ್ತಕದಲ್ಲಿ ಎಮ್ಮೆ ಉಳಿದಿಲ್ಲ. ಡೀಸೆಲ್ ಹಾಕಿಸಿ ಇಟ್ಟಿದ್ದೇನೆ.